ಹದಿನೆಂಟನೆಯ ಮನೆ

ಮೊನ್ನೆ ಕುಂದಗೋಳದ ಬಸ್ಸಿನಲ್ಲಿ ಒಬ್ಬ ತರುಣ ನನ್ನ ಪಕ್ಕ ಬಂದು ಕುಳಿತು ಎರಡು ಮೂರು ಸಲ ನನ್ನ ಮುಖ ನೋಡಿದ. ಇವನ ನೋಟ ಸರಿಯಿಲ್ಲ ಎಂದುಕೊಂಡು ನಾನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ. "ಸರ್, ಗುರ್ತು ಹತ್ತಲಿಲ್ಲೇನ್ರಿ? ನಿಮ್ಮ ಕೈಯಾಗ ಎಂಟನೇತ್ತಾ ಕಲತೇನಿ" ಎಂದ ಮೇಲೆ ಚೀಲ ಸಡಿಲ ಬಿಟ್ಟೆ. ಊರಿನ ಸುದ್ದಿಗಳನ್ನು ಒಂದೊಂದಾಗಿ ಹೇಳುತ್ತ ನಡುವೆ, "ನಮ್ಮ ಸಾಲಿ ಜರ್ಮನಿ ಕಾಕಾ ತೀರಿಕೊಂಡ್ರಲ್ರಿ, ಹೋದ ತಿಂಗಳ" ಎಂದ. ಹೇಗೆ ಎಂದು ಕೇಳಿದೆ. "ಏನಿಲ್ರಿ. ಮಧ್ಯಾಹ್ನ ಕಟ್ಟಿ ಮ್ಯಾಲೆ ಕುಂತಿದ್ರು, ಕುಂತಲ್ಲೇ ಹೋಗಿಬಿಟ್ರು."

ಯಾರು ನೋಡಿದವರು, ಮಣ್ಣಿಗೆ ನೀನು ಹೋಗಿದ್ದೆಯೇನು ಎಂದು ಮತ್ತೆರಡು ಪ್ರಶ್ನೆ ಹಾಕಿದೆ. ಸಾವಿನ ಸುದ್ದಿಗೂ ಸಾಕ್ಷಿ ಕೇಳುವ ಮನುಷ್ಯ ನಾನು. ತರಕಾರಿಯವಳ ತಕ್ಕಡಿ, ಬಸ್ಸಿನ ಬೋರ್ಡು, ಹುಡುಗರ ಹೊಟ್ಟೆನೋವು, ನೆಂಟರ ಪ್ರೀತಿ, ಯಾವುದನ್ನೂ ನಾನು ಬಂದ ಹಾಗೇ ಒಪ್ಪಿಕೊಂಡವನಲ್ಲ. "ನಿಮಗ ಸೂರ್ಯಾ ಮೂಡಿದ್ದಕ್ಕೂ ರಶೀದಿ ಬೇಕು" ಎನ್ನುತ್ತಾಳೆ ನನ್ನ ಹೆಂಡತಿ. ನನ್ನ ಈ ಗುಣಕ್ಕೆ ಎಲ್ಲರಿಗಿಂತ ಹೆಚ್ಚು ಕೆಲಸ ಕೊಟ್ಟವರು ಆ ಕಾಕಾ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ನಾನು ಅವರಿಗೆ ಮಾಡಿದ್ದೇ ಸಾಕಾಗಿದೆ.

ನವಲಗುಂದಕ್ಕೂ ಶಲವಡಿಗೂ ನಡುವೆ ಇರುವ ಒಂದು ಎರೆನೆಲದ ಊರಿನ ಹೈಸ್ಕೂಲಿನಲ್ಲಿ ನಾನು ಏಳು ವರ್ಷ ಇತಿಹಾಸ, ಭೂಗೋಳ ಕಲಿಸಿದೆ. ಶಾಲೆಯ ಬಾಜೂ ಖೋಲಿಯೇ ಊರಿನ ಅಂಚೆ ಕಚೇರಿ. ಹಳ್ಳಿಯ ಮಾಸ್ತರನೇ ಪೋಸ್ಟ್‌ಮಾಸ್ತರನೂ ಆಗುವುದು ಆಗಿನ ರೂಢಿ, ಹಾಗಾಗಿ ಅದನ್ನು ನೋಡಿಕೊಳ್ಳುವ ಕೆಲಸವೂ ನನ್ನ ಕೊರಳಿಗೇ ಬಿದ್ದಿತ್ತು. ಕಾಕಾ ಶಾಲೆಯ ಶಿಪಾಯಿ. ಗಂಟೆ ಹೊಡೆಯುವುದು, ನೋಟೀಸು ತಿರುಗಿಸುವುದು, ಚಹಾ ಮಾಡುವುದು ಅವರ ಕೆಲಸ. "ಲಡಾಯಿ ಒಳಗೂ ಶಿಪಾಯಿ, ಸಾಲಿ ಒಳಗೂ ಶಿಪಾಯಿ. ಬಡ್ತೀನ ಸಿಗಲಿಲ್ರಿ ನನಗ" ಎಂದು ತಾವೇ ಹೇಳಿ ತಾವೇ ನಗುತ್ತಿದ್ದರು.

ಎತ್ತರದ ಆಳು, ಬಗ್ಗದ ಬೆನ್ನು. ಕರಿಹಲಗೆ ಒರೆಸುವ ಬಟ್ಟೆಯನ್ನು ಕೂಡ ನಾಲ್ಕು ಮೂಲೆ ಕೂಡಿಸಿ ಮಡಚಿ ಇಡುವ ಶಿಸ್ತು. ಮಾತಾಡುವಾಗ ಎಡ ಅಂಗೈಯನ್ನು ಎದುರಿಗೆ ಹಿಡಿದು ಬಲಗೈ ಹೆಬ್ಬೆರಳಿನಿಂದ ಅದರ ಮೇಲೆ ಗೆರೆ ಎಳೆಯುತ್ತಿದ್ದರು. ಇಲ್ಲಿ ಹಳ್ಳ, ಇಲ್ಲಿ ಅವರ ಗುಡಿ, ಇಲ್ಲಿ ಕಮ್ಮಾರರ ಮನೆ, ಇಲ್ಲಿ ಭಟ್ಟಿ. ತಾವು ಜರ್ಮನಿಯಲ್ಲಿ ಕೈದಿಯಾಗಿದ್ದ ಹಳ್ಳಿಯ ನಕಾಶೆ ಪೂರ್ತಿ ಅವರ ಅಂಗೈಯಲ್ಲಿತ್ತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿದ್ದು, ಮರಳುಗಾಡಿನಲ್ಲಿ ಜರ್ಮನರ ಕೈಗೆ ಸಿಕ್ಕದ್ದು, ಅಲ್ಲಿಂದ ಹಡಗು, ರೈಲು ಹತ್ತಿಸಿ ಅವರ ದೇಶಕ್ಕೆ ಒಯ್ದದ್ದು, ಕೈದಿಗಳ ಕ್ಯಾಂಪಿನಿಂದ ಒಂದು ಸಣ್ಣ ಹಳ್ಳಿಗೆ ಹೊಲದ ಕೆಲಸಕ್ಕೆ ಕಳಿಸಿದ್ದು. ಇಷ್ಟು ಹೇಳಲು ಅವರಿಗೆ ಎರಡು ವಾಕ್ಯ ಸಾಕಾಗುತ್ತಿದ್ದವು. ಯುದ್ಧದ ಬಗ್ಗೆ ಮೂರನೆಯ ವಾಕ್ಯ ನಾನು ಕೇಳಲಿಲ್ಲ. ಆ ಹಳ್ಳಿಯಲ್ಲಿ ಇದ್ದದ್ದು ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ, ಆದರೆ ಅದರ ಬಗ್ಗೆ ಮಾತು ಶುರುವಾದರೆ ಮುಂದಿನ ಗಂಟೆ ಹೊಡೆಯುವುದಕ್ಕೆ ತಡವಾಗುತ್ತಿತ್ತು.

"ಅಲ್ಲಿ ಮನಿ ಮಣ್ಣಿನೂವ್ರಿ" ಎಂದರು ಒಂದು ದಿನ, ಸ್ಟಾಫ್ ರೂಮಿನಲ್ಲಿ. "ಕಟಗಿ ಚೌಕಟ್ಟು ಕಟ್ಟಿ ನಡಬರಕ ಹುಲ್ಲು, ಮಣ್ಣು ಕಲಸಿ ಮೆತ್ತತಾರ."

"ಜರ್ಮನಿಯೊಳಗ? ಮಣ್ಣಿನ ಮನಿ?" ನಾನು ಕೇಳಿದೆ. ನಾನು ಕಲಿಸುತ್ತಿದ್ದ ಪುಸ್ತಕದಲ್ಲಿ ಜರ್ಮನಿ ಎಂದರೆ ಉಕ್ಕು, ಕಲ್ಲಿದ್ದಲು, ರಾಸಾಯನಿಕಗಳು.

"ಹೌದ್ರಿ. ಮನಿ ಮುಂದನ ತಿಪ್ಪಿ. ತಿಪ್ಪಿ ದೊಡ್ಡದಿದ್ದಷ್ಟು ಮನಿತನ ದೊಡ್ಡದು. ಹೆಣ್ಣು ಕೊಡಾವ್ರು ಮದ್ಲ ತಿಪ್ಪಿ ನೋಡ್ತಾರ."

ಎಲ್ಲರೂ ನಕ್ಕರು. "ಅಂದ್ರ ನಮ್ಮೂರಿಗೂ ಜರ್ಮನಿಗೂ ಫರಕ ಏನೈತಿ ಕಾಕಾ?" ಎಂದರು ಹೆಡ್‌ಮಾಸ್ತರರು.

"ಫರಕ ಐತ್ರಿ. ಅವ್ರು ಗಾಡಿಗೆ ಆಕಳಾ ಹೂಡ್ತಾರ."

ನಗು ನಿಂತಿತು. ಆಕಳಿಗೆ ನೊಗ ಹೊರಿಸುವ ಊರು ಭೂಮಿಯ ಮೇಲೆ ಇದೆ ಎಂಬುದನ್ನು ಅಲ್ಲಿ ಯಾರೂ ಒಪ್ಪಲು ತಯಾರಿರಲಿಲ್ಲ. ಸಂಜೆಯ ಹೊತ್ತಿಗೆ ಈ ಮಾತು ಊರೆಲ್ಲ ಹರಡಿತು. ಈತ ಬೆಳಗಾವಿ ದಾಟಿಯೇ ಇಲ್ಲ, ಪುಣೆಯ ಯಾವುದೋ ಬೇಕರಿಯಲ್ಲಿ ಅಡಗಿಕೊಂಡಿದ್ದ ಎಂದು ಕೆಲವರು. ಹೋದದ್ದು ಖರೆ, ಅಲ್ಲಿ ಒಬ್ಬ ಹೆಂಡತಿ ಇದ್ದಾಳೆ, ಅದಕ್ಕೇ ಊರಿನ ಹೆಸರು ಬಾಯಿ ಬಿಡುವುದಿಲ್ಲ ಎಂದು ಕೆಲವರು. ಊರಿನ ಹೆಸರನ್ನು ಕಾಕಾ ಹೇಳುತ್ತಿದ್ದರು, ಆದರೆ ಪ್ರತಿ ಸಲ ನಮ್ಮ ಕಿವಿಗೆ ಬೇರೆಯಾಗಿ ಕೇಳಿಸುತ್ತಿತ್ತು. ಶಾಲೆಯ ಅಟ್ಲಾಸಿನಲ್ಲಿ ಭೂತಗನ್ನಡಿ ಹಿಡಿದು ಹುಡುಕಿದೆ. ಸಿಗಲಿಲ್ಲ. ನನ್ನ ತೀರ್ಮಾನ ಆಗಲೇ ಆಗಿತ್ತು: ಈ ಮನುಷ್ಯ ನಮ್ಮ ಊರನ್ನೇ ತೆಗೆದುಕೊಂಡು, ಒಂದು ಹಳ್ಳ ಮತ್ತು ಒಂದು ಚರ್ಚು ಸೇರಿಸಿ, ಜರ್ಮನಿ ಎಂದು ಮಾರುತ್ತಿದ್ದಾನೆ.

ಸುಳ್ಳನ್ನು ಹಿಡಿಯುವ ದಾರಿ ಒಂದೇ, ಬರೆದಿಟ್ಟುಕೊಳ್ಳುವುದು. ಹಳೆಯ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ನಾನು ಅವರ ಮಾತುಗಳನ್ನು ಬರೆಯತೊಡಗಿದೆ. ಚೌಕದಲ್ಲಿ ದೊಡ್ಡ ಮರ, ಎಲೆ ನಮ್ಮ ಅರಳಿ ಎಲೆಯ ಹಾಗೆ. ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ಮೂರು ಗಂಟೆ ಇದ್ದವು, ಎರಡನ್ನು ಸರಕಾರ ತೋಪು ಎರಕ ಹೊಯ್ಯಲು ಇಳಿಸಿಕೊಂಡು ಹೋಯಿತು. ಕಮ್ಮಾರರ ಮನೆಯ ಅಜ್ಜಿ, ಅವಳ ಮಗ ರಶಿಯಾದ ಕಡೆ ಹೋದವನು ಬಂದಿಲ್ಲ. ಆರು ತಿಂಗಳು ಬಿಟ್ಟು ಅದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಕೇಳುತ್ತಿದ್ದೆ. "ಗುಡಿಯಾಗ ಗಂಟಿ ಇರಲೇ ಇಲ್ಲ ಅಂದಿದ್ರೆಲ್ಲ ಕಾಕಾ?" ಎಂದರೆ, "ಒಂದು ಇತ್ತಲ್ರಿ, ಸಣ್ಣದು. ಅದನ್ನ ಒಯ್ಯಲಿಲ್ಲ" ಎನ್ನುತ್ತಿದ್ದರು. ಇಷ್ಟು ಸರಿಯಾಗಿ ನೆನಪಿರುವ ಮನುಷ್ಯನನ್ನು ಕಂಡರೆ ನನಗೆ ಇನ್ನಷ್ಟು ಸಂಶಯ. ನಿಜವಾಗಿ ಕಂಡದ್ದನ್ನು ಯಾರು ಇಷ್ಟು ಸರಿಯಾಗಿ ನೆನಪಿಡುತ್ತಾರೆ?

ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ ಹೋರಾಟಗಾರರಿಗೆ ತಾಮ್ರಪತ್ರ ಕೊಡುವ ಗಡಿಬಿಡಿ ನಡೆದಿತ್ತು. ಜರ್ಮನಿಯ ಕೈದಿಗಳ ಪೈಕಿ ಕೆಲವರು ಸ್ವಾತಂತ್ರ್ಯದ ಫೌಜು ಸೇರಿದ್ದರಂತೆ ಎಂದು ಎಲ್ಲೋ ಓದಿದ್ದ ಹೆಡ್‌ಮಾಸ್ತರರು, "ಕಾಕಾ, ನೀವೂ ಅದರಾಗ ಇದ್ದೆ ಅಂತ ಒಂದು ಅರ್ಜಿ ಕೊಡ್ರಿ, ನಾ ಬರಕೊಡ್ತೀನಿ. ಯಾರು ಜರ್ಮನಿಗೆ ಹೋಗಿ ಕೇಳಿ ಬರ್ತಾರ?" ಎಂದರು.

"ನಾ ಇರಲಿಲ್ರಿ."

"ಅಲ್ರೀ, ಇದ್ದೆ ಅಂತ ಬರೀರಿ ಅಂತ ಹೇಳಾಕ ಹತ್ತೇನಿ."

"ಹೆಂಗ್ ಬರೀಲಿ ಸರ್? ನಾ ಬಟಾಟಿ ತಗದೇನಿ. ಬಟಾಟಿ ತಗದದ್ದಕ್ಕ ತಾಮ್ರಪತ್ರ ಕೊಡೂದಿದ್ರ ಕೊಡ್ರಿ."

ಉಳಿದವರು ಇದನ್ನು ಕೇಳಿ ಕಾಕಾ ನೇರ ಮನುಷ್ಯ ಎಂದರು. ತಾನಾಗಿ ಬರುವ ಮಾನವನ್ನು ಬೇಡ ಎನ್ನುವವನು ಏನನ್ನೋ ಮುಚ್ಚಿಡುತ್ತಿರಬೇಕು ಎಂದು ನಾನು ಆ ಹಾಜರಿ ಪುಸ್ತಕದಲ್ಲಿ ಬರೆದುಕೊಂಡೆ.

ಮುಂದಿನ ಬೇಸಿಗೆಯಲ್ಲಿ, ಕಾಕಾ ಹಿತ್ತಲಿನಲ್ಲಿ ಭಟ್ಟಿ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಿತು. ನಮ್ಮ ಕಡೆ ಭಟ್ಟಿ ಎಂದರೆ ಜನರ ಮನಸ್ಸು ಮೊದಲು ಓಡುವುದು ಕಳ್ಳಭಟ್ಟಿಯ ಕಡೆಗೆ. ಶಾಲೆಯ ಮರ್ಯಾದೆಯ ಪ್ರಶ್ನೆ ಎಂದು ಹೇಳಿಕೊಂಡು ನಾನೇ ನೋಡಲು ಹೋದೆ. ಹಿತ್ತಲಲ್ಲಿ ಮಣ್ಣಿನ ಒಂದು ಗೂಡು, ಬಾಯಿ ಮುಂದೆ, ಬೆನ್ನು ಉಬ್ಬಿದ್ದು. ನಾನು ಬಗ್ಗಿ ಮೂಸಿ ನೋಡಿದೆ. ವಾಸನೆ ಬಂದದ್ದು ಸೀದ ಹಿಟ್ಟಿನದು. ಕಾಕಾನ ಹೆಂಡತಿ ಕಾಕೂ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ, "ನೋಡ್ರಿ ಮಾಸ್ತರ್ರ, ಬಿಳಿಜ್ವಾಳದ ಹಿಟ್ಟು ಉಬ್ಬಂಗಿಲ್ಲ ಅಂದ್ರ ಕೇಳಂಗಿಲ್ಲ ಇವ್ರು. ಇದು ಮೂರನೇ ಭಟ್ಟಿ. ಎರಿ ಮಣ್ಣು ನಿಲ್ಲತೈತೇನು? ಬಿಸಲಿಗೆ ಬಿರಕ ಬಿಟ್ಟು ಕುಂಡರ್ತೈತಿ" ಎಂದು ದೂರು ಹೇಳಿ, ಕಲ್ಲಿನಂಥ ಒಂದು ತುಂಡು ಕೈಗಿಟ್ಟಳು. ಅಲ್ಲಿಯ ರೊಟ್ಟಿ ಹೀಗೇ ಇರುತ್ತಿತ್ತೇ ಎಂದು ಕಾಕಾನನ್ನು ಕೇಳಿದೆ. ಅವರು ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, "ಇಲ್ರಿ" ಎಂದರು. ಅವರ ಮುಖ ಸಣ್ಣದಾಗಿತ್ತು. ಅವರಿಗೆ ಮಕ್ಕಳಿರಲಿಲ್ಲ, ಆ ಹಿತ್ತಲು ಗುಡಿಸಿಟ್ಟ ಹಾಗೆ ಸ್ವಚ್ಛವಾಗಿತ್ತು.

ಚಹಾದ ಮಾತನ್ನೂ ಹೇಳಬೇಕು. ನಾವು ಮಾಸ್ತರರು ಎಂಟು ಜನ. ಕಾಕಾ ತಟ್ಟೆಯಲ್ಲಿ ತರುತ್ತಿದ್ದ ಕಪ್ಪು ಒಂಬತ್ತು. ಅವರದು ಬೇರೆ, ಒಲೆಯ ಹತ್ತಿರ ಒಂದು ಲೋಟದಲ್ಲಿ ಇರುತ್ತಿತ್ತು. ಹಾಗಾದರೆ ಒಂಬತ್ತನೆಯದು ಯಾರಿಗೆ? ಕೇಳಿದರೆ, "ಯಾರಾರ ಬರ್ತಾರ್ರಿ" ಎನ್ನುತ್ತಿದ್ದರು. ಬರುತ್ತಲೂ ಇದ್ದರು. ದಾಖಲೆ ಕೇಳಲು ಬಂದ ರೈತ, ಬಳೆ ಮಾರುವವಳು, ಯಮನೂರಿನ ದರ್ಗಾಕ್ಕೆ ನಡೆದು ಹೊರಟ ಯಾರೋ ಫಕೀರ. ಯಾರೂ ಬಾರದ ದಿನ ಅದನ್ನು ಆರುವವರೆಗೂ ಹಾಗೇ ಬಿಟ್ಟು, ಆಮೇಲೆ ಬೇವಿನ ಬುಡಕ್ಕೆ ಚೆಲ್ಲುತ್ತಿದ್ದರು. ಹಾಲು, ಸಕ್ಕರೆ ಹಾಕಿದ ಚಹಾವನ್ನು ದಿನಾ ಗಿಡಕ್ಕೆ ಹಾಕುವವನ ತಲೆ ಸರಿಯಿದೆಯೇ ಎಂಬುದೂ ನನ್ನ ಪುಸ್ತಕದಲ್ಲಿ ದಾಖಲಾಯಿತು.

ಕೊನೆಗೆ ಒಂದು ದಿನ ಕಾಕಾ ಸಿಕ್ಕಿಬಿದ್ದರು. ಮೊದಲ ಪುಟದಲ್ಲಿ ಆ ಊರಿನ ಮನೆಗಳು ಹದಿನೇಳು ಎಂದು ಬರೆದಿದ್ದೆ. ಒಂದೂವರೆ ವರ್ಷ ಬಿಟ್ಟು ಮಾತಿನ ಭರದಲ್ಲಿ ಅವರು, "ಹದಿನೆಂಟೂ ಮನಿ ಹೆಸರು ಕೂಗಿ ಮುಗಸೂತನಕ ಯಾರೂ ಕದಲತಿದ್ದಿಲ್ರಿ" ಎಂದರು. ನನಗೆ ಒಳಗೇ ಹಿಗ್ಗಾಯಿತು. ಆದರೆ ಆಗಲೇ ಬಾಯಿ ಬಿಡಲಿಲ್ಲ. ಸಮಯ ನೋಡಿ ಹಿಡಿಯಬೇಕು ಎಂದು ಎರಡೂ ಸಂಖ್ಯೆಗಳ ಕೆಳಗೆ ಕೆಂಪು ಗೆರೆ ಎಳೆದು ಇಟ್ಟುಕೊಂಡೆ.

ಆ ಹೊತ್ತಿಗೆ ಕಾಕಾ ಧಾರವಾಡಕ್ಕೆ ಹೋಗಿ ಜರ್ಮನ್ ಬಲ್ಲ ಒಬ್ಬ ಮುದಿ ಪಾದ್ರಿಯ ಕೈಯಿಂದ ಆ ಹಳ್ಳಿಗೆ ಒಂದು ಪತ್ರ ಬರೆಸಿ ಹಾಕಿ ಬಂದಿದ್ದರು. ಅಂದಿನಿಂದ ಪ್ರತಿ ಸೋಮವಾರ, ನವಲಗುಂದದ ಬಸ್ಸಿನಿಂದ ಟಪಾಲು ಚೀಲ ಇಳಿದು ನಾನು ಬಿಚ್ಚುವ ಹೊತ್ತಿಗೆ, ಅಂಚೆ ಖೋಲಿಯ ಕಿಟಕಿಗೆ ಬಂದು ನಿಲ್ಲುತ್ತಿದ್ದರು. "ನನ್ನ ಹೆಸರಲೆ ಏನಾರ ಬಂದೈತೇನ್ರಿ ಸರ್?" ಇಲ್ಲ ಎಂದರೆ, "ಬರ್ತೈತಿ ಬಿಡ್ರಿ" ಎಂದು ಹೋಗಿ ಗಂಟೆ ಹೊಡೆಯುತ್ತಿದ್ದರು. ಪತ್ರದಲ್ಲಿ ಏನು ಬರೆಸಿದ್ದೀರಿ ಎಂದು ಕೇಳಿದ್ದಕ್ಕೆ, "ಒಂದ ಮಾತು ಕೇಳೇನ್ರಿ" ಎಂದಷ್ಟೇ ಹೇಳಿದರು. ಒಂದು ಮಾತು ಕೇಳಲು ಯಾರಾದರೂ ಸಮುದ್ರ ದಾಟಿಸಿ ಪತ್ರ ಬರೆಯುತ್ತಾರೆಯೇ?

ತುರ್ತು ಪರಿಸ್ಥಿತಿಯ ಕಾಲ. ಗೋಡೆಗೂ ಕಿವಿ ಇದ್ದ ಹಾಗೆ ಜನ ಮಾತಾಡುತ್ತಿದ್ದ ದಿನಗಳು. ಅಂಥ ಒಂದು ಗುರುವಾರ, ಕಾಕಾ ಕಿಟಕಿಗೆ ಬಾರದ ದಿನ, ಚೀಲದಿಂದ ತೆಳ್ಳನೆಯ ನೀಲಿ ಲಕೋಟೆಯೊಂದು ಬಿತ್ತು. ಜರ್ಮನಿಯ ಅಂಚೆ ಚೀಟಿ. ಮೇಲೆ ಕಾಕಾನ ಹೆಸರು, ಅಕ್ಷರ ಸ್ವಲ್ಪ ತಪ್ಪಾಗಿ. ಅದರ ಮುಂದೆ, ಅಡ್ಡಹೆಸರು ಇರಬೇಕಾದಲ್ಲಿ, 'ಬ್ರಾಂಡ್ನರ್' ಎಂದಿತ್ತು. ಕೆಳಗೆ ನಮ್ಮ ಊರು, ತಾಲೂಕು, ಜಿಲ್ಲೆ. ತಿರುಗಿಸಿದರೆ ಹಿಂದೆ ಹೆಣ್ಣಿನ ಹೆಸರು, ಅನ್ನಾ.

ಅಡ್ಡಹೆಸರು ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಕಾಕಾನ ಹೆಸರಿನವರು ನಮ್ಮ ಊರಲ್ಲಿ ಒಂಬತ್ತು ಜನ ಇದ್ದರು. ಉಳ್ಳಾಗಡ್ಡಿ, ಮೆಣಸಿನಕಾಯಿ, ಕಟಗಿ, ಹಿಟ್ಟಿನ ಎಂದು ಅಡ್ಡಹೆಸರು ನೋಡಿಯೇ ನಾನು ಪತ್ರ ಹಂಚಬೇಕು. ಅದು ತಪ್ಪಿ ಒಬ್ಬರ ಮನೆಯ ಬೀಗತನದ ಪತ್ರ ಇನ್ನೊಬ್ಬರ ಮನೆಗೆ ಹೋಗಿ ದೊಡ್ಡ ಜಗಳವೇ ಆಗಿತ್ತು. ಬ್ರಾಂಡ್ನರ್ ಎಂಬ ಅಡ್ಡಹೆಸರು ನಮ್ಮ ಊರಲ್ಲಿ ಇರಲಿಲ್ಲ. ಎರಡನೆಯ ಹೆಸರು ಇಟ್ಟುಕೊಂಡ ಮನುಷ್ಯ ಎಂದರೆ ಯಾರು? ಹಿಂದೆ ಬರೆದ ಹೆಂಗಸು ಯಾರು? ಹೆಡ್‌ಮಾಸ್ತರರಿಗೆ ತೋರಿಸಿದೆ. ಅವರು ಲಕೋಟೆಯನ್ನು ಮುಟ್ಟಲೂ ಇಲ್ಲ. "ಈ ದಿವಸದಾಗ ಪರದೇಶದ ಪತ್ರಾ ಇಟಗೊಂಡು ಕುಂಡ್ರಬ್ಯಾಡ್ರಿ. ನಿಮ್ಮ ಕಾಯ್ದೆ ಏನೈತಿ ಹಂಗ ಮಾಡಿ ಕೈ ತೊಳಕೊಳ್ರಿ."

ಸುಮ್ಮನೆ ಕಾಕಾನನ್ನು ಕರೆದು ಲಕೋಟೆ ತೋರಿಸಿದ್ದರೆ ಮುಗಿದಿತ್ತು. ನಾನು ಹಾಗೆ ಮಾಡಲಿಲ್ಲ. ಅಪರಾಧಿಗೆ ಮೊದಲೇ ಸುಳಿವು ಕೊಡಬಾರದು ಎಂಬ ಬುದ್ಧಿವಂತಿಕೆ ನನ್ನದು. ಚಹಾ ತಂದಾಗ ನಗುತ್ತ ಕೇಳಿದೆ, "ಕಾಕಾ, ನಿಮಗ ಅಡ್ಡಹೆಸರು ಎಷ್ಟು?"

"ಒಂದ್ರಿ. ಎರಡು ಇಟಗೊಳ್ಳಾಕ ನಾ ಏನ್ ಇನಾಮದಾರ ಏನ್ರಿ?"

ಸಾಕ್ಷಿ ಸಿಕ್ಕಿತು. ಮರುದಿನ ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ, ಈ ಹೆಸರಿನ ವ್ಯಕ್ತಿ ಈ ಊರಿನಲ್ಲಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕಿ, ಠಸ್ಸೆ ಹೊಡೆದು ವಾಪಸ್ ಚೀಲಕ್ಕೆ ಹಾಕಿದೆ. ಅದು ಕಾಕಾನ ಪತ್ರ ಎಂದು ನನಗೆ ಒಳಗೊಳಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮ ಊರಿಗೆ ಜರ್ಮನಿಯಿಂದ ಇನ್ನು ಯಾರಿಗೆ ಪತ್ರ ಬರಬೇಕು? ಆದರೂ ಕಾಯ್ದೆ ನನ್ನ ಕಡೆ ಇತ್ತು, ನಾನು ಅದರ ಹಿಂದೆ ನಿಂತುಕೊಂಡೆ. ಇದನ್ನು ಬರೆಯುವಾಗ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಮೂರು ತಿಂಗಳಾದವು. ಕಾಕಾ ಸೋಮವಾರ ಬರುವುದು, ನಾನು ಇಲ್ಲ ಎನ್ನುವುದು ನಡೆದೇ ಇತ್ತು. ಒಂದು ಮಧ್ಯಾಹ್ನ, ತಪಾಸಣೆಗೆ ಬರಬೇಕಾಗಿದ್ದ ಅಧಿಕಾರಿಗಳು ಬಾರದೆ ಎಲ್ಲರೂ ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕುಳಿತಿದ್ದೆವು. ಇದೇ ಸಮಯ ಎಂದು ನಾನು ಹಾಜರಿ ಪುಸ್ತಕ ತೆಗೆದೆ.

"ಕಾಕಾ, ನಿಮ್ಮ ಜರ್ಮನಿ ಊರಾಗ ಮನಿ ಎಷ್ಟು?"

"ಹದಿನೇಳ್ರಿ."

"ಹದಿನೆಂಟು ಅಂತ ನೀವ ಹೇಳೀರಿ. ಇಲ್ಲಿ ಬರಕೊಂಡೀನಿ ನೋಡ್ರಿ, ತಾರೀಖ ಸಹಿತ."

ಕಾಕಾ ಹತ್ತಿರ ಬಂದು ಬಗ್ಗಿ ನೋಡಿದರು. ಪುಟ ತಿರುಗಿಸಿದರು, ಇನ್ನೊಂದು ತಿರುಗಿಸಿದರು. ಅವರು ಗಾಬರಿಯಾಗುತ್ತಾರೆ ಎಂದು ನಾನು ಕಾಯುತ್ತಿದ್ದೆ. "ಇಷ್ಟೆಲ್ಲಾ ನಾ ಹೇಳಿದ್ದನ್ನ ಬರಕೊಂಡೀರೇನ್ರಿ?" ಎಂದರು. ಕಣ್ಣು ತುಂಬಿದ್ದವು. "ಯಾರೂ ನಂಬಂಗಿಲ್ಲ ಅಂತ ತಿಳಕೊಂಡಿದ್ದೆ. ನೀವು ಬರದ ಇಟಗೊಂಡೀರಲ್ರಿ ಸರ್."

ಆಮೇಲೆ ಎಡ ಅಂಗೈ ಹಿಡಿದು ಹೇಳತೊಡಗಿದರು. "ಕಣ್ಣಿಗೆ ಕಾಣೂವು ಹದಿನೇಳ್ರಿ. ಕೂಗೂವು ಹದಿನೆಂಟು."

ಊರಿಗೆಲ್ಲ ಒಂದೇ ಭಟ್ಟಿ. ಹದಿನೈದು ದಿನಕ್ಕೊಮ್ಮೆ ಶನಿವಾರ ಎಲ್ಲ ಮನೆಗಳವರೂ ಸರದಿಯಂತೆ ಅಲ್ಲಿ ರೊಟ್ಟಿ ಸುಡಬೇಕು. ಮೊದಲು ಸುಡುವವರಿಗೆ ಕಷ್ಟ, ಭಟ್ಟಿ ತಣ್ಣಗಿರುವುದರಿಂದ ಕಟ್ಟಿಗೆ ಬಹಳ ಹಿಡಿಯುತ್ತದೆ. ಅದಕ್ಕೆ ಜಗಳ ಬೇಡವೆಂದು ಚೀಟಿ ಎತ್ತುವ ಪದ್ಧತಿ. ಪ್ರತಿ ಮನೆಯ ಗುರುತು ಕೊರೆದ ಕಟ್ಟಿಗೆಯ ಚಕ್ಕೆಗಳನ್ನು ಭಟ್ಟಿ ನೋಡಿಕೊಳ್ಳುವ ಮುದುಕ ತನ್ನ ಟೊಪ್ಪಿಗೆಯಲ್ಲಿ ಹಾಕುತ್ತಾನೆ, ಒಂದು ಸಣ್ಣ ಹುಡುಗಿ ಒಂದೊಂದಾಗಿ ಎತ್ತುತ್ತಾಳೆ, ಮುದುಕ ಮನೆಯ ಹೆಸರು ಕೂಗುತ್ತಾನೆ.

"ಅಲ್ಲೂ ಅಡ್ಡಹೆಸರು ಅದಾವ್ರಿ. ಆದ್ರ ಮನಷ್ಯಾಗಲ್ಲ, ಮನಿಗೆ. ಯಾರು ಬಂದು ಇದ್ರೂ ಮನೀ ಹೆಸರ ಅವ್ರ ಹೆಸರು. ಅವ್ರ ಮುತ್ತ್ಯಾನ ಮುತ್ತ್ಯಾನ ಕಾಲಕ್ಕ ಮೂವತ್ತು ವರ್ಷ ಲಡಾಯಿ ನಡದಿತ್ತಂತ. ಅದರಾಗ ಒಂದು ಮನಿ ಸುಟ್ಟು ಒಬ್ರೂ ಉಳೀಲಿಲ್ಲ. ಆದ್ರ ಅದರ ಚೀಟಿ ಮಾತ್ರ ಟೊಪ್ಪಿಗ್ಯಾಗಿಂದ ತಗೀಲಿಲ್ರಿ. ಅದರ ಸರದಿ ಬಂದಾಗ ಎಲ್ಲಾರೂ ಒಂದೊಂದು ಹಿಡಿ ಹಿಟ್ಟು ಹಾಕಿ ಒಂದು ರೊಟ್ಟಿ ಸುಡ್ತಾರ. ಹಾದಿ ಹಿಡದು ಬಂದವ್ರಿಗೆ."

ಮೂವತ್ತು ವರ್ಷದ ಯುದ್ಧ ನನ್ನ ಪಠ್ಯಪುಸ್ತಕದಲ್ಲಿ ಅರ್ಧ ಪುಟ ಇತ್ತು. ನಾನು ಪ್ರತಿ ವರ್ಷ ಅದನ್ನು ಪರೀಕ್ಷೆಗೆ ಬರುವುದಿಲ್ಲ ಎಂದು ಬಿಡಿಸುತ್ತಿದ್ದೆ. ಒಂಬತ್ತನೆಯ ಕಪ್ಪು ಯಾರದು ಎಂಬುದೂ ಆಗ ತಿಳಿಯಿತು.

"ಕೈದೀನ ಮನೀಯವ್ರ ಕೂಡ ಊಟಕ್ಕ ಕುಂಡರಸಬಾರದು ಅಂತ ಕಾಯ್ದೆ ಇತ್ರಿ. ನನ್ನ ರೊಟ್ಟಿ ಯಾವ ಮನೀ ಲೆಕ್ಕಕ್ಕ ಹಾಕಬೇಕು? ಕಮ್ಮಾರರ ಅಜ್ಜಿ ಹೋಗಿ ಭಟ್ಟಿ ಮುದುಕನ ಕಿವ್ಯಾಗ ಏನ ಹೇಳಿದ್ಲೋ. ಆ ಶನಿವಾರದಿಂದ ಸುಟ್ಟ ಮನೀ ರೊಟ್ಟಿ ನನಗ. ಪೊಲೀಸ ಬಂದು ಇಂವಗ ಯಾರು ರೊಟ್ಟಿ ಕೊಟ್ರು ಅಂತ ಕೇಳಿದ್ರ, ಆ ಮನೀಯವ್ರು ಅಂತಿದ್ರು. ಇಲ್ಲದ ಮನೀ ಮ್ಯಾಲೆ ಕೇಸು ಯಾರು ಹಾಕಬೇಕ್ರಿ? ಆಮ್ಯಾಲೆ ಊರಾಗ ಎಲ್ಲಾರೂ ನನಗ ಆ ಸುಟ್ಟ ಮನೀ ಹೆಸರಲೆ ಕರ್ಯಾಕ ಹತ್ತಿದ್ರು. ಬ್ರಾಂಡ್ನರ್."

ಹೆಡ್‌ಮಾಸ್ತರರು ನನ್ನ ಕಡೆ ಒಮ್ಮೆ ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಪತ್ರದಾಗ ಏನ ಕೇಳಿದ್ರಿ ಕಾಕಾ?" ನಾನು ಕೇಳಿದೆ.

"ಅದನ್ರಿ. ನನ್ನ ಚೀಟಿ ಇನ್ನೂ ಟೊಪ್ಪಿಗ್ಯಾಗ ಐತೋ, ತಗದ ಒಗದಾರೋ ಅಂತ. ಇಲ್ಲಿ ನನ್ನ ಅಡ್ಡಹೆಸರು ನನ್ನ ಕೂಡ ಮುಗೀತೈತಿ. ಅಲ್ಲಿ ಒಂದು ಐತಿ ಅಂದ್ರ ಸಮಾಧಾನ."

ಮುಂದಿನ ಸೋಮವಾರ ಕಾಕಾ ಕಿಟಕಿಗೆ ಬಂದರು, ಇಲ್ಲ ಎಂದೆ. ಅದರ ಮುಂದಿನ ಸೋಮವಾರವೂ ಬಂದರು. ನನ್ನ ಪುಸ್ತಕದ ಮೇಲೆ ಇಟ್ಟ ವಿಶ್ವಾಸದಿಂದಲೋ ಏನೋ, ಅಂದು ಅವರ ನಗು ಹೆಚ್ಚಿತ್ತು. "ಏನಾರ ಬಂದೈತೇನ್ರಿ ಸರ್?" ಎಂದಾಗ ನಾನು ಕೈಯಲ್ಲಿದ್ದ ಠಸ್ಸೆ ಕೆಳಗಿಟ್ಟೆ.

"ಬಂದಿತ್ತು ಕಾಕಾ" ಎಂದೆ. "ಮೂರು ತಿಂಗಳ ಹಿಂದ. ನಾನು ವಾಪಸ್ ಕಳಿಸಿದೆ." ಲಕೋಟೆ, ಅದರ ಮೇಲಿನ ಹೆಸರು, ನಾನು ಅಡ್ಡಹೆಸರು ಕೇಳಿದ್ದು ಯಾಕೆ, ಆ ಹಾಜರಿ ಪುಸ್ತಕ ಬರೆದದ್ದು ಯಾಕೆ, ಎಲ್ಲವನ್ನೂ ಹೇಳಿಬಿಟ್ಟೆ. ಪುಸ್ತಕದ ಮಾತು ಹೇಳುವಾಗ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಕಾಕಾ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಬೈಯಲಿ ಎಂದು ನಾನು ಕಾಯುತ್ತಿದ್ದೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಹೆಸರು ಏನಂತ ಬರದಿತ್ರಿ?" ಎಂದರು.

"ಬ್ರಾಂಡ್ನರ್ ಅಂತ."

"ಚಲೋತಂಗ ನೋಡೀರೇನು?"

"ನೋಡೀನಿ. ಹಿಂದ ಅನ್ನಾ ಅಂತ ಇತ್ತು."

"ಚೀಟಿ ಎತ್ತತಿದ್ದ ಸಣ್ಣ ಹುಡುಗಿ ಅಕಿ" ಎಂದರು. ಸರಳಿನಿಂದ ಕೈ ತೆಗೆದು, ಎಡ ಅಂಗೈ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಸರಿಸಿ, ಭಟ್ಟಿಗೂ ಕಮ್ಮಾರರ ಮನೆಗೂ ನಡುವಿನ ಒಂದು ಜಾಗದಲ್ಲಿ ಒತ್ತಿ ಹಿಡಿದರು. "ಹಂಗಾರ ಚೀಟಿ ಟೊಪ್ಪಿಗ್ಯಾಗ ಐತಿ."

ಮತ್ತೊಂದು ಪತ್ರ ಬರೆಯೋಣ ಎಂದೆ. ಪಾದ್ರಿಗಳು ಅಷ್ಟರಲ್ಲಿ ತಮ್ಮ ದೇಶಕ್ಕೆ ಹೊರಟುಹೋಗಿದ್ದರು, ವಿಳಾಸ ಇದ್ದದ್ದು ನಾನು ವಾಪಸ್ ಕಳಿಸಿದ ಲಕೋಟೆಯ ಬೆನ್ನ ಮೇಲೆ ಮಾತ್ರ. ಮುಂದೆ ನಾನು ಕಾಕಾನ ಬಾಯಿಂದ ಕೇಳಿದ ಊರಿನ ಹೆಸರನ್ನು ಮೂರು ಬಗೆಯಲ್ಲಿ ಬರೆದು ಮೂರು ಪತ್ರ ಹಾಕಿದೆ. ನನಗೆ ವರ್ಗವಾಗುವವರೆಗೆ ಒಂದಕ್ಕೂ ಉತ್ತರ ಬರಲಿಲ್ಲ. ಆದರೆ ಆ ಸೋಮವಾರ ಕಿಟಕಿಯ ಆಚೆ ನಿಂತವರಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು.

"ಸರ್, ವಾಪಸ್ ಕಳಸೂ ಮುಂದ ಅದರ ಮ್ಯಾಲೆ ಏನ ಬರದ್ರಿ?"

"ಈ ಹೆಸರಿನವ್ರು ಇಲ್ಲಿ ಇಲ್ಲ ಅಂತ."

"ಅಂದ್ರ ನಾ ಸತ್ತೀನಿ ಅಂತ ತಿಳಕೋತಾರ."

ಗಂಟೆಯ ಹೊತ್ತಾಗಿತ್ತು. ಅವರು ಗಂಟೆ ತೂಗುಹಾಕಿದ್ದ ಬೇವಿನ ಗಿಡದ ಕಡೆ ನಾಲ್ಕು ಹೆಜ್ಜೆ ಹೋಗಿ, ಕೋಲು ಕೈಗೆತ್ತಿಕೊಂಡು, ಏನೋ ನೆನಪಾದವರಂತೆ ತಿರುಗಿ ನಿಂತರು.

"ತಿಳಕೊಳ್ಳಲಿ ಬಿಡ್ರಿ ಸರ್. ಆ ಮನ್ಯಾಗ ಎಲ್ಲಾರೂ ಸತ್ತವರ. ಆದ್ರೂ ಕೂಗ್ತಾರಲ್ಲ."